ಕಲಾ ಚಿಕಿತ್ಸೆ

ಚಿತ್ರ ಬರೆಯುವುದು, ಬಣ್ಣ ಹಚ್ಚುವುದು, ಮಣ್ಣು ಮಿದ್ದು ಆಕಾರ ಕೊಡುವುದು, ಕಾಗದ ಕತ್ತರಿಸಿ ಅಂಟಿಸುವುದು ಮುಂತಾದ ಕೆಲಸಗಳ ಮೂಲಕ ಮನಸ್ಸಿನ ಸಂಕಟಕ್ಕೆ ಹೊರದಾರಿ ಮಾಡಿಕೊಟ್ಟು, ತರಬೇತಿ ಪಡೆದ ಚಿಕಿತ್ಸಕರ ಸಮ್ಮುಖದಲ್ಲಿ ಚೇತರಿಕೆಗೆ ನೆರವಾಗುವ ಪದ್ಧತಿ. ಆಸ್ಪತ್ರೆಗಳಲ್ಲಿ ಆರ್ಟ್ ಥೆರಪಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಸಂಗೀತ, ನೃತ್ಯ, ನಾಟಕಗಳನ್ನು ಆಧರಿಸಿದ ಚಿಕಿತ್ಸೆಗಳು ಇದರ ಒಡಹುಟ್ಟುಗಳು. ಆದರೆ ಅವಕ್ಕೆ ಬೇರೆಯದೇ ತರಬೇತಿ, ಬೇರೆಯದೇ ಸಂಘಗಳಿವೆ. ಇಲ್ಲಿ ಮುಖ್ಯವಾಗಿ ದೃಶ್ಯಕಲೆಯನ್ನು ಕುರಿತು ಹೇಳಲಾಗಿದೆ. ಚಿತ್ರ ಚೆನ್ನಾಗಿ ಬರಬೇಕೆಂಬ ಷರತ್ತು ಈ ಪದ್ಧತಿಯಲ್ಲಿಲ್ಲ. ಶಾಲೆ ಬಿಟ್ಟ ಮೇಲೆ ಕುಂಚ ಮುಟ್ಟದವರೇ ಹೆಚ್ಚಾಗಿ ಬರುತ್ತಾರೆ, ಮತ್ತು ಅವರು ಮೊದಲು ಹೇಳುವ ಮಾತು ‘ನನಗೆ ಚಿತ್ರ ಬರೆಯೋಕೆ ಬರಲ್ಲ’ ಎಂಬುದೇ ಆಗಿರುತ್ತದೆ.

ಈ ಕ್ಷೇತ್ರದ ಎಂಬತ್ತು ವರ್ಷಗಳ ಕಥೆಯನ್ನು ಒಂದು ಮುಗಿಯದ ಜಗಳದ ಕಥೆಯಾಗಿ ಓದಬಹುದು. ನೋವನ್ನು ಹಗುರ ಮಾಡುವುದು ಬರೆಯುವ ಕೆಲಸವೋ, ಬರೆದದ್ದನ್ನು ಮುಂದಿಟ್ಟುಕೊಂಡು ಆಡುವ ಮಾತೋ? ಸಂಸ್ಥೆಗಳು, ಪಠ್ಯಕ್ರಮಗಳು, ಸಂಶೋಧನೆಗಳು ಎಲ್ಲವೂ ಈ ಪ್ರಶ್ನೆಯ ಒಂದು ಬದಿಗೋ ಇನ್ನೊಂದು ಬದಿಗೋ ವಾಲಿವೆ.

ಹಿನ್ನೆಲೆ

ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳು ಸಿಕ್ಕಿದ ಕಾಗದದ ಮೇಲೆ ಗೀಚುತ್ತಿದ್ದದ್ದು ಹಳೆಯ ಸಂಗತಿ. ಅವನ್ನು ಕಸವೆಂದು ಎಸೆಯದೆ ಕೂಡಿಡಬೇಕೆಂದು ಗಂಭೀರವಾಗಿ ಹೊರಟವರಲ್ಲಿ ಜರ್ಮನಿಯ ಹಾನ್ಸ್ ಪ್ರಿನ್ಜ್‌ಹಾರ್ನ್ ಮುಖ್ಯ. ಕಲಾ ಇತಿಹಾಸ ಓದಿ ಆಮೇಲೆ ವೈದ್ಯನಾದ ಈತ 1919ರಲ್ಲಿ ಹೈಡೆಲ್‌ಬರ್ಗಿನ ಮನೋವೈದ್ಯ ಚಿಕಿತ್ಸಾಲಯಕ್ಕೆ ಬಂದು, ಹಲವು ಆಸ್ಪತ್ರೆಗಳಿಗೆ ಪತ್ರ ಬರೆದು ಐದು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ತರಿಸಿಕೊಂಡ. 1922ರಲ್ಲಿ ಬಂದ ಅವನ ಸಚಿತ್ರ ಗ್ರಂಥ ವೈದ್ಯರಿಗಿಂತ ಕಲಾವಿದರನ್ನೇ ಹೆಚ್ಚು ಅಲ್ಲಾಡಿಸಿತು. ಪಾಲ್ ಕ್ಲೀ, ಮ್ಯಾಕ್ಸ್ ಅರ್ನ್ಸ್ಟ್ ಅದನ್ನು ಮೆಚ್ಚಿದರು. ಮುಂದೆ ಫ್ರಾನ್ಸಿನ ಜೀನ್ ಡುಬುಫೆ ‘ಆರ್ಟ್ ಬ್ರೂಟ್’ (ಹಸಿ ಕಲೆ) ಎಂಬ ಪರಿಕಲ್ಪನೆ ಕಟ್ಟಲು ಅದೂ ಒಂದು ಪ್ರೇರಣೆಯಾಯಿತು. ನಾಜಿಗಳ ಕೈಗೆ ಅದೇ ಸಂಗ್ರಹ ಸಿಕ್ಕಾಗ ಅದರ ಕೆಲವು ಚಿತ್ರಗಳು ‘ಅಧಃಪತಿತ ಕಲೆ’ಯ ಪ್ರದರ್ಶನದಲ್ಲಿ ಆಧುನಿಕ ಕಲಾವಿದರನ್ನು ಹೀಯಾಳಿಸುವ ಸಾಧನವಾದವು. ಪ್ರಿನ್ಜ್‌ಹಾರ್ನ್ ತನ್ನ ಗ್ರಂಥದಲ್ಲಿ ಫ್ರಾನ್ಜ್ ಪೋಲ್ ಎಂಬ ಹುಸಿ ಹೆಸರಿನಲ್ಲಿ ಪರಿಚಯಿಸಿದ್ದ ಫ್ರಾನ್ಜ್ ಕಾರ್ಲ್ ಬ್ಯೂಲರ್ ಎಂಬ ಕಮ್ಮಾರ ಕುಶಲಕರ್ಮಿಯನ್ನು 1940ರಲ್ಲಿ ಗ್ರಾಫೆನೆಕ್‌ನಲ್ಲಿ ಕೊಲ್ಲಲಾಯಿತು. ಮನೋರೋಗಿಗಳ ಸಾಮೂಹಿಕ ಹತ್ಯೆಯ ಯೋಜನೆಗೆ ಬಲಿಯಾದವರಲ್ಲಿ ಆತನೂ ಒಬ್ಬ.

ಈ ಸಂಗ್ರಹಕ್ಕಿಂತ ಕೆಲವು ವರ್ಷ ಮೊದಲೇ ಸ್ವಿಟ್ಜರ್ಲೆಂಡಿನಲ್ಲಿ ಮನೋವೈದ್ಯ ಕಾರ್ಲ್ ಯೂಂಗ್ ತನ್ನದೇ ಮನಸ್ಸಿನ ಕೋಲಾಹಲವನ್ನು 1913ರ ನಂತರದ ವರ್ಷಗಳಲ್ಲಿ ಬಣ್ಣಗಳಿಗೆ ಇಳಿಸುತ್ತಿದ್ದ. ಮಂಡಲಗಳೆಂಬ ವೃತ್ತಾಕಾರದ ವಿನ್ಯಾಸಗಳನ್ನು ಬರೆಯುತ್ತಿದ್ದ, ರೋಗಿಗಳಿಂದಲೂ ಬರೆಸುತ್ತಿದ್ದ. ಆ ಬರಹ-ಚಿತ್ರಗಳ ‘ಕೆಂಪು ಪುಸ್ತಕ’ ಅಚ್ಚಾದದ್ದು 2009ರಲ್ಲಿ.

ಮಿಡ್‌ಹರ್ಸ್ಟ್ ಮತ್ತು ನೆದರ್ನ್

‘ಆರ್ಟ್ ಥೆರಪಿ’ ಎಂಬ ಹೆಸರನ್ನು ಚಾಲ್ತಿಗೆ ತಂದವನು ವೈದ್ಯನಲ್ಲ, ಕ್ಷಯರೋಗಿ. ಮೊದಲ ಮಹಾಯುದ್ಧದ ರಣರಂಗವನ್ನು ಚಿತ್ರಿಸಿದ್ದ ಇಂಗ್ಲಿಷ್ ಕಲಾವಿದ ಏಡ್ರಿಯನ್ ಹಿಲ್ 1938ರಲ್ಲಿ ಸಸೆಕ್ಸ್‌ನ ಮಿಡ್‌ಹರ್ಸ್ಟ್ ಆರೋಗ್ಯಧಾಮದಲ್ಲಿ ಮಲಗಿದ್ದ. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಗಾಳಿ, ವಿಶ್ರಾಂತಿ, ಕಾಯುವಿಕೆ, ಅಷ್ಟೇ. ಹಾಸಿಗೆಯ ಪಕ್ಕದ ವಸ್ತುಗಳನ್ನು ಬರೆಯುತ್ತಾ ಹೋದಂತೆ ಆ ಕಾಯುವಿಕೆ ಸಹ್ಯವಾಗುವುದನ್ನು ಅವನು ಕಂಡುಕೊಂಡ. ಉಳಿದ ರೋಗಿಗಳಿಗೂ ಕಲಿಸುವಂತೆ ಆಸ್ಪತ್ರೆಯವರು ಕೇಳಿದರು. ಯುದ್ಧದಿಂದ ಬಂದ ಗಾಯಾಳು ಸೈನಿಕರೂ ಸೇರಿಕೊಂಡರು. 1942ರಲ್ಲಿ ಈ ಕೆಲಸಕ್ಕೆ ಹಿಲ್ ಹೆಸರಿಟ್ಟ. 1945ರಲ್ಲಿ ‘ಆರ್ಟ್ ವರ್ಸಸ್ ಇಲ್‌ನೆಸ್’ ಎಂಬ ಪುಸ್ತಕ ಬರೆದ. ಮುಂದೆ ಬಿ.ಬಿ.ಸಿ. ದೂರದರ್ಶನದಲ್ಲಿ ಮಕ್ಕಳಿಗೆ ಚಿತ್ರ ಕಲಿಸುವ ಕಾರ್ಯಕ್ರಮ ನಡೆಸಿ ಮನೆಮಾತಾದವನೂ ಇವನೇ. ಮನೋವಿಶ್ಲೇಷಣೆಯ ಗೊಡವೆ ಅವನಿಗಿರಲಿಲ್ಲ. ಮನಸ್ಸು ಒಂದು ಕೆಲಸದಲ್ಲಿ ತೊಡಗಿದರೆ ದೇಹವೂ ಸುಧಾರಿಸಿಕೊಳ್ಳುತ್ತದೆ ಎಂಬಷ್ಟೇ ಅವನ ನಂಬಿಕೆ.

ಆಸ್ಪತ್ರೆಗಳಿಗೆ ಪ್ರಸಿದ್ಧ ಚಿತ್ರಗಳ ಪ್ರತಿಗಳನ್ನು ಒಯ್ದು ತೋರಿಸುವ ರೆಡ್‌ಕ್ರಾಸ್ ಯೋಜನೆಯಲ್ಲಿ ಹಿಲ್ ಜೊತೆಗಿದ್ದ ಎಡ್ವರ್ಡ್ ಆ್ಯಡಮ್ಸನ್ 1946ರಲ್ಲಿ ಸರೆಯ ನೆದರ್ನ್ ಮಾನಸಿಕ ಆಸ್ಪತ್ರೆಗೆ ಬಂದ. ಆರಂಭದ ಭೇಟಿಯಲ್ಲೇ ರೋಗಿಯೊಬ್ಬ ಅವನ ಕೈಗೆ ಶೌಚಾಲಯದ ಕಾಗದದ ಸುರುಳಿ ತುರುಕಿದ. ಸುಟ್ಟ ಬೆಂಕಿಕಡ್ಡಿಯ ಮಸಿಯಲ್ಲಿ ಅದರ ಮೇಲೆ ಮುಖಗಳು, ಪ್ರಾಣಿಗಳು ಮೂಡಿದ್ದವು. ಆ ಹಾಳೆಗಳು ಇಂದಿಗೂ ಉಳಿದಿವೆ. ನೆದರ್ನ್ ಆಗ ಮಿದುಳಿನ ಲ್ಯೂಕಾಟಮಿ ಶಸ್ತ್ರಕ್ರಿಯೆ ನಡೆಯುತ್ತಿದ್ದ ಆಸ್ಪತ್ರೆ. ಅಲ್ಲಿನ ವೈದ್ಯಾಧಿಕಾರಿ ಎರಿಕ್ ಕನಿಂಗ್‌ಹ್ಯಾಮ್ ಡ್ಯಾಕ್ಸ್‌ಗೆ ಬೇಕಾಗಿದ್ದದ್ದು ಸಂಶೋಧನೆಗೆ ಒದಗುವ ಚಿತ್ರಗಳು. ಆದ್ದರಿಂದ ಆ್ಯಡಮ್ಸನ್‌ಗೆ ಕಟ್ಟುನಿಟ್ಟಿನ ಆದೇಶವಿತ್ತು: ಕಲಿಸಬಾರದು, ಸೂಚಿಸಬಾರದು, ಅರ್ಥ ಹೇಳಬಾರದು. ಪ್ರಯೋಗ ಕೆಡದಿರಲೆಂದು ಹಾಕಿದ ಈ ನಿರ್ಬಂಧವನ್ನೇ ಆತ ತನ್ನ ಪದ್ಧತಿ ಮಾಡಿಕೊಂಡದ್ದು ಸ್ವಾರಸ್ಯಕರ. ಪ್ರತಿಯೊಬ್ಬರಿಗೂ ತಮ್ಮದೇ ಕುರ್ಚಿ, ತಮ್ಮದೇ ಮೇಜು, ತಮ್ಮದೇ ಈಸಲ್. ತನ್ನದೆನ್ನುವ ಬಟ್ಟೆಯೂ ಇಲ್ಲದ ವಾರ್ಡಿನಿಂದ ಬಂದವರಿಗೆ ಅದು ಸಣ್ಣ ಮಾತಾಗಿರಲಿಲ್ಲ. ಆ್ಯಡಮ್ಸನ್ ಸುಮ್ಮನೆ ಇರುತ್ತಿದ್ದ, ನೋಡುತ್ತಿದ್ದ, ಹಾಳೆ ಮುಗಿದರೆ ಇನ್ನೊಂದು ಕೊಡುತ್ತಿದ್ದ. 1981ರಲ್ಲಿ ನಿವೃತ್ತನಾಗುವ ಹೊತ್ತಿಗೆ ಸುಮಾರು ಒಂದು ಲಕ್ಷ ಕೃತಿಗಳು ಸೇರಿದ್ದವು. ಈಗ ಉಳಿದಿರುವುದು ಆರು ಸಾವಿರದಷ್ಟು, ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ. ಬ್ರಿಟನ್ನಿನ ಕಲಾ ಚಿಕಿತ್ಸಕರ ಸಂಘ 1964ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಇಂದು ನೋಂದಣಿಯಿಲ್ಲದೆ ಯಾರೂ ತಮ್ಮನ್ನು ಆರ್ಟ್ ಥೆರಪಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ.

ಟೆರೆಜಿನ್‌ನಿಂದ ನ್ಯೂಯಾರ್ಕಿಗೆ

ಬೌಹೌಸ್ ಕಲಾಶಾಲೆಯಲ್ಲಿ ಯೊಹಾನೆಸ್ ಇಟೆನ್‌ನ ಶಿಷ್ಯೆಯಾಗಿದ್ದ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ವಿಯೆನ್ನಾದ ಯಹೂದಿ ಕಲಾವಿದೆ. 1942ರ ಡಿಸೆಂಬರಿನಲ್ಲಿ ಆಕೆಯನ್ನು ನಾಜಿಗಳು ಟೆರೆಜಿನ್ ಬಂಧನನಗರಿಗೆ ಸಾಗಿಸಿದರು. ಒಯ್ಯಲು ಅನುಮತಿಯಿದ್ದ ಅಷ್ಟಿಷ್ಟು ಸಾಮಾನಿನಲ್ಲಿ ಆಕೆ ತುಂಬಿಕೊಂಡದ್ದು ಕಾಗದ, ಬಣ್ಣಗಳನ್ನು. ಹಸಿವು, ಕಾಯಿಲೆ, ಪೂರ್ವಕ್ಕೆ ಹೊರಡುವ ರೈಲಿನ ಪಟ್ಟಿ ಇವುಗಳ ನಡುವೆ ಅಲ್ಲಿನ ಮಕ್ಕಳಿಗೆ ಗುಟ್ಟಾಗಿ ಚಿತ್ರಪಾಠ ಹೇಳಿದಳು. ಪಾಠವೆಂದರೆ ಉಸಿರಿನ ಲಯಕ್ಕೆ ಗೆರೆ ಎಳೆಯುವುದು, ಹಳೆಯ ಕಚೇರಿ ಕಾಗದ ಹರಿದು ಕೊಲಾಜ್ ಮಾಡುವುದು, ನೆನಪಿನ ಮನೆಯನ್ನೋ ಹೂವನ್ನೋ ಬರೆಯುವುದು. ಮಕ್ಕಳು ಪ್ರತಿ ಚಿತ್ರಕ್ಕೂ ಹೆಸರು ಹಾಕಬೇಕೆಂದು ಆಕೆ ಒತ್ತಾಯಿಸುತ್ತಿದ್ದಳು. ಅಂಕಿಗಳಾಗಿ ಎಣಿಸಲ್ಪಡುತ್ತಿದ್ದ ಜಾಗದಲ್ಲಿ ಅದು ಸಹಿಗಿಂತ ಹೆಚ್ಚಿನದು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಔಶ್ವಿಟ್ಜ್‌ಗೆ ಒಯ್ದು ಕೊಂದರು. ಆ ಮಕ್ಕಳಲ್ಲಿ ಹೆಚ್ಚಿನವರಿಗೂ ಅದೇ ಗತಿಯಾಯಿತು. ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ತಲುಪಿದವು. ಅವು ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ.

ಈ ಚಿತ್ರಪಾಠಗಳು ಯಾರನ್ನೂ ಗುಣ ಮಾಡಿದವೆಂದು ಹೇಳುವುದು ಅಪಚಾರವಾದೀತು. ಆದರೆ ಡಿಕರ್-ಬ್ರಾಂಡೈಸಳಿಂದ ವಿಯೆನ್ನಾದಲ್ಲಿ ಹುಡುಗಿಯಾಗಿದ್ದಾಗಲೇ ಚಿತ್ರ ಕಲಿತು, ಪ್ರಾಗ್‌ನಲ್ಲಿ ನಿರಾಶ್ರಿತ ಮಕ್ಕಳ ತರಗತಿಗಳಲ್ಲಿ ಆಕೆಗೆ ನೆರವಾಗಿದ್ದ ಎಡಿತ್ ಕ್ರೇಮರ್ (1916–2014) 1938ರಲ್ಲಿ ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಹೋಗಿ, ಆ ತಿಳಿವಳಿಕೆಯನ್ನು ಒಂದು ವೃತ್ತಿಯಾಗಿ ಕಟ್ಟಿದಳು. ವಿಲ್ಟ್‌ವಿಕ್ ಶಾಲೆಯಲ್ಲಿ ತಂಟೆಕೋರರೆಂದು ತಳ್ಳಲ್ಪಟ್ಟ ಹುಡುಗರೊಂದಿಗೆ 1950ರ ದಶಕದಲ್ಲಿ ಕೆಲಸ ಮಾಡಿದಳು. ಹೊಡೆಯಬೇಕೆನ್ನುವ ರೊಚ್ಚು ಮಣ್ಣಿನ ಹುಲಿಯಾಗಿ ಮಾರ್ಪಟ್ಟರೆ ಆ ಮಾರ್ಪಾಡೇ ಚಿಕಿತ್ಸೆ. ಅದಕ್ಕೆ ವಿವರಣೆ ಅಂಟಿಸಬೇಕಿಲ್ಲ ಎಂಬುದು ಕ್ರೇಮರ್ ವಾದ. ಚಿಕಿತ್ಸಕರಿಗೆ ಒಂದು ‘ಮೂರನೆಯ ಕೈ’ ಇರಬೇಕೆಂದೂ ಹೇಳಿದಳು. ಹಾಳೆ ಹರಿಯುವಾಗ ಹಿಡಿಯುವ, ಮಣ್ಣಿನ ಕಾಲು ಕುಸಿಯುವಾಗ ಊರೆ ಕೊಡುವ, ಆದರೆ ತನ್ನ ಶೈಲಿಯನ್ನು ಹೇರದ ಕೈ ಅದು.

ಎದುರು ಬದಿಯಲ್ಲಿದ್ದವಳು ಮಾರ್ಗರೆಟ್ ನೌಂಬರ್ಗ್ (1890–1983). ನ್ಯೂಯಾರ್ಕಿನಲ್ಲಿ ವಾಲ್ಡನ್ ಶಾಲೆ ತೆರೆದಿದ್ದ ಈಕೆ 1940ರ ದಶಕದಲ್ಲಿ ಅಲ್ಲಿನ ಮನೋವೈದ್ಯ ಸಂಸ್ಥೆಯಲ್ಲಿ ಮಕ್ಕಳೊಂದಿಗೆ ಕೆಲಸ ಮಾಡಿದಳು. ಅವಳಿಗೆ ಚಿತ್ರ ಒಂದು ಮಾತು. ಕನಸಿನಂತೆ ಒಳಮನಸ್ಸಿನಿಂದ ಬಂದದ್ದು. ಬರೆದವರು ಅದನ್ನು ನೋಡುತ್ತಾ ಹೊಳೆದದ್ದನ್ನು ಹೇಳುತ್ತಾ ಹೋಗಬೇಕು. ಕಣ್ಣು ಮುಚ್ಚಿ ಹಾಳೆಯ ತುಂಬ ಗೀಚಿ, ಆ ಗೋಜಲಿನಲ್ಲಿ ಕಾಣುವ ಆಕಾರವನ್ನು ಪೂರ್ತಿ ಮಾಡುವ ಅಭ್ಯಾಸವನ್ನು ಅವಳು ತನ್ನ ಅಕ್ಕ, ಕಲಾ ಶಿಕ್ಷಕಿ ಫ್ಲಾರೆನ್ಸ್ ಕೇನ್‌ಳಿಂದ ಪಡೆದಳು. ಇಂದಿಗೂ ಕುಂಚ ಹಿಡಿಯಲು ಅಂಜುವವರಿಗೆ ಮೊದಲು ಮಾಡಿಸುವುದು ಇದನ್ನೇ. ಅಮೆರಿಕದ ಕಲಾ ಚಿಕಿತ್ಸಾ ಸಂಘ 1969ರಲ್ಲಿ ಹುಟ್ಟಿದಾಗ ಎರಡೂ ಪಂಥದವರು ಅದರೊಳಗಿದ್ದರು.

ರಿಯೊದ ಆಸ್ಪತ್ರೆ

ಯುರೋಪ್, ಅಮೆರಿಕಗಳ ಆಚೆ ಈ ಕೆಲಸ ಅಷ್ಟೇ ಗಟ್ಟಿಯಾಗಿ ನಡೆದದ್ದು ಬ್ರೆಜಿಲ್‌ನಲ್ಲಿ. ಮಾರ್ಕ್ಸ್‌ವಾದಿ ಪುಸ್ತಕ ಇಟ್ಟುಕೊಂಡಿದ್ದಕ್ಕೆ 1936ರಲ್ಲಿ ಜೈಲು ಕಂಡ ಮನೋವೈದ್ಯೆ ನೀಸಿ ಡ ಸಿಲ್ವೇರ (1905–1999) 1944ರಲ್ಲಿ ಮತ್ತೆ ಸರ್ಕಾರಿ ಸೇವೆಗೆ ಬಂದು ರಿಯೊ ಡಿ ಜನೈರೊದ ಎಂಜೆನ್ಯೊ ಡಿ ಡೆಂಟ್ರೊ ಆಸ್ಪತ್ರೆ ಸೇರಿದಳು. ವಿದ್ಯುದಾಘಾತದ ಗುಂಡಿ ಒತ್ತಲು ಒಪ್ಪಲಿಲ್ಲ; ಲೊಬೊಟಮಿ ಎಂಬ ಮಿದುಳಿನ ಶಸ್ತ್ರಕ್ರಿಯೆಯನ್ನು ವಿರೋಧಿಸಿದಳು. ಯಾರೂ ಲೆಕ್ಕಕ್ಕಿಡದ ವೃತ್ತಿಚಿಕಿತ್ಸೆಯ ವಿಭಾಗ ಅವಳ ಪಾಲಿಗೆ ಬಂತು. 1946ರಲ್ಲಿ ಅಲ್ಲಿಯೇ ಚಿತ್ರಶಾಲೆ ತೆರೆದು, ಕಲಾವಿದ ಅಲ್ಮೀರ್ ಮಾವಿನ್ಯೆರನನ್ನು ಜೊತೆಗಿಟ್ಟುಕೊಂಡಳು. ಆಸ್ಪತ್ರೆಯ ಅಂಗಳದ ನಾಯಿ ಬೆಕ್ಕುಗಳನ್ನು ಸಹಚಿಕಿತ್ಸಕರೆಂದು ಕರೆದವಳು ಅವಳು. ಅಲ್ಲಿನ ರೋಗಿಗಳ ಚಿತ್ರಗಳಲ್ಲಿ ವೃತ್ತಾಕಾರಗಳು ಮತ್ತೆ ಮತ್ತೆ ಬರುವುದನ್ನು ಕಂಡು ಅವುಗಳ ಫೋಟೊಗಳನ್ನು 1954ರಲ್ಲಿ ಯೂಂಗ್‌ಗೆ ಕಳಿಸಿದಳು. 1952ರಲ್ಲಿ ಅವಳು ಸ್ಥಾಪಿಸಿದ ‘ಸುಪ್ತಮನಸ್ಸಿನ ಬಿಂಬಗಳ ವಸ್ತುಸಂಗ್ರಹಾಲಯ’ದಲ್ಲಿ ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು ಕೃತಿಗಳಿವೆ.

ಚಿಕಿತ್ಸೆಯ ಕೊಠಡಿಯಲ್ಲಿ

ಮಾತಿನ ಚಿಕಿತ್ಸೆಯಲ್ಲಿ ಇಬ್ಬರಿರುತ್ತಾರೆ. ಇಲ್ಲಿ ನಡುವೆ ಮೂರನೆಯದೊಂದು ಬಂದು ಕೂರುತ್ತದೆ: ಹಾಳೆ. ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ್ದನ್ನು ಇಬ್ಬರೂ ಹಾಳೆಯನ್ನು ನೋಡುತ್ತಾ ಹೇಳಬಹುದು. ‘ನನಗೆ ಭಯ’ ಎನ್ನುವುದಕ್ಕಿಂತ ‘ಈ ಮೂಲೆಯಲ್ಲಿ ಕತ್ತಲೆ ಜಾಸ್ತಿ ಆಯ್ತು’ ಎನ್ನುವುದು ಸುಲಭ. ಮಾತು ಹಾರಿಹೋಗುತ್ತದೆ, ಚಿತ್ರ ಉಳಿಯುತ್ತದೆ. ಮೂರು ತಿಂಗಳ ಹಿಂದಿನ ಹಾಳೆಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಬಹುದು. ಬೇಡವೆನಿಸಿದರೆ ಮಡಚಿ ಇಡಬಹುದು, ಹರಿದೂ ಹಾಕಬಹುದು. ನೋವನ್ನು ಹೀಗೆ ಕೈಯಳತೆಗೆ ತಂದುಕೊಳ್ಳುವುದೇ ಈ ಪದ್ಧತಿಯ ಮುಖ್ಯ ಬಲವೆಂದು ಹೆಚ್ಚಿನ ಚಿಕಿತ್ಸಕರು ಒಪ್ಪುತ್ತಾರೆ.

ಯಾವ ಸಾಮಗ್ರಿ ಕೊಡಬೇಕೆಂಬುದರಲ್ಲಿ ಕಸುಬಿನ ಸೂಕ್ಷ್ಮ ಅಡಗಿದೆ. ಪೆನ್ಸಿಲ್, ಸ್ಕೆಚ್‌ಪೆನ್, ಪತ್ರಿಕೆಯ ಚಿತ್ರಗಳ ಕೊಲಾಜ್ ಇವು ಹಿಡಿತದಲ್ಲಿರುವಂಥವು. ಮನಸ್ಸು ಚದುರಿದವರಿಗೆ, ಹತೋಟಿ ತಪ್ಪೀತೆಂದು ಹೆದರುವವರಿಗೆ ಒಗ್ಗುತ್ತವೆ. ಜಲವರ್ಣ ಹರಿಯುತ್ತದೆ, ತನ್ನಿಷ್ಟದಂತೆ ಬೆರೆಯುತ್ತದೆ. ಬಿಗಿದುಕೊಂಡವರನ್ನು ಅದು ಸಡಿಲಿಸಬಹುದು, ಈಗಾಗಲೇ ತುಂಬಿ ತುಳುಕುತ್ತಿರುವವರನ್ನು ಮುಳುಗಿಸಲೂಬಹುದು. ಜೇಡಿಮಣ್ಣು ಗುದ್ದಿದರೆ ತಾಳಿಕೊಳ್ಳುತ್ತದೆ. ಆದರೆ ಅದರ ಹಸಿ ಸ್ಪರ್ಶವೇ ಕೆಲವರಿಗೆ ಹಳೆಯ ಆಘಾತವನ್ನು ಕೆದಕುವುದುಂಟು. ಸಾಮಗ್ರಿಗಳ ಈ ಗುಣಭೇದವನ್ನು 1978ರಲ್ಲಿ ಕಲಾ ಚಿಕಿತ್ಸಕರಾದ ಕೇಗಿನ್ ಮತ್ತು ಲೂಸೆಬ್ರಿಂಕ್ ಒಂದು ಚೌಕಟ್ಟಿಗೆ ತಂದರು. ತರಬೇತಿಗಳಲ್ಲಿ ಅದನ್ನು ಈಗಲೂ ಕಲಿಸುತ್ತಾರೆ.

ಕ್ಯಾನ್ಸರ್ ವಾರ್ಡಿನ ಮಕ್ಕಳು, ಮರೆವಿನ ಕಾಯಿಲೆಯ ಹಿರಿಯರು, ಸಾವು ಕಂಡ ಕುಟುಂಬಗಳು, ವ್ಯಸನ ಬಿಡಲು ಹೆಣಗುವವರು, ನಿರಾಶ್ರಿತರು, ಹೀಗೆ ಇದರ ಬಳಕೆ ಹಬ್ಬಿದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಆವರಣದಲ್ಲಿ 2010ರಿಂದ ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಸೈನಿಕರು ಮುಖವಾಡಗಳಿಗೆ ಬಣ್ಣ ಹಾಕುತ್ತಾರೆ. ಅರ್ಧ ಮುಖ ಬಾವುಟ, ಇನ್ನರ್ಧ ಬಿರುಕು, ಬಾಯಿಗೆ ಬೀಗ. ಮಿದುಳಿನ ಗಾಯ ಹೊರಗೆ ಕಾಣುವುದಿಲ್ಲವಾದ್ದರಿಂದ ಹೆಂಡತಿ ಮಕ್ಕಳಿಗೆ ತೋರಿಸಲು ಅವರಿಗೆ ಏನಾದರೊಂದು ಬೇಕಿತ್ತು.

ಚಿತ್ರವನ್ನು ಓದುವ ಆಸೆ

ಕಲಾ ಚಿಕಿತ್ಸೆಗೆ ಅತಿ ಹೆಚ್ಚು ಕೆಟ್ಟ ಹೆಸರು ತಂದಿರುವುದು ಚಿತ್ರದಿಂದ ಮನುಷ್ಯನನ್ನು ಓದಿಬಿಡುತ್ತೇವೆಂಬ ಹುಮ್ಮಸ್ಸು. ಮಗು ಬರೆದ ಮನುಷ್ಯನ ಚಿತ್ರದಿಂದ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಎನಫ್ 1926ರಲ್ಲಿ ರೂಪಿಸಿದಳು. ಮುಂದೆ ಮನೆ-ಮರ-ಮನುಷ್ಯ ಬರೆಸಿ ಸ್ವಭಾವವನ್ನೇ ಹೇಳುವ ಪರೀಕ್ಷೆಗಳು ಬಂದವು. ದೊಡ್ಡ ಕಣ್ಣು ಬರೆದರೆ ಸಂಶಯ ಸ್ವಭಾವ, ಕೈ ಬರೆಯದಿದ್ದರೆ ಅಸಹಾಯಕತೆ ಎಂಬಂಥ ಸೂತ್ರಗಳು. 1967ರಲ್ಲಿ ಮನಶ್ಶಾಸ್ತ್ರಜ್ಞರಾದ ಚಾಪ್ಮನ್ ದಂಪತಿ ಇದನ್ನು ಜಾಣತನದಿಂದ ಪರೀಕ್ಷಿಸಿದರು. ಚಿತ್ರಗಳಿಗೂ ರೋಗಲಕ್ಷಣಗಳಿಗೂ ಯಾವ ಸಂಬಂಧವೂ ಇಲ್ಲದಂತೆ ಮನಬಂದಂತೆ ಜೋಡಿಸಿ ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ವಿದ್ಯಾರ್ಥಿಗಳು ಅದರಲ್ಲೂ ದೊಡ್ಡ ಕಣ್ಣಿಗೂ ಸಂಶಯಕ್ಕೂ ನಂಟು ‘ಕಂಡರು’. ಅನುಭವಿ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದದ್ದೂ ಅದನ್ನೇ. ಅಂದರೆ ನಂಟು ಇದ್ದದ್ದು ಹಾಳೆಯಲ್ಲಲ್ಲ, ನೋಡುವವರ ತಲೆಯಲ್ಲಿ. ಹೀಗಿದ್ದೂ ‘ಮಗು ಕಪ್ಪು ಬಣ್ಣವನ್ನೇ ಬಳಸಿದೆ, ಏನೋ ಆಗಿದೆ’ ಎಂಬ ಮಾತು ಶಾಲೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಆ ಮಗುವಿನ ಡಬ್ಬಿಯಲ್ಲಿ ಉಳಿದಿದ್ದದ್ದು ಕಪ್ಪು ಕ್ರೆಯಾನ್ ಒಂದೇ ಇದ್ದೀತು. ಚಿತ್ರದ ಅರ್ಥವನ್ನು ಬರೆದವರಿಂದಲೇ ಕೇಳಿ ತಿಳಿಯಬೇಕು, ಅವರು ಹೇಳದಿದ್ದರೆ ಕಾಯಬೇಕು ಎಂಬುದು ಇಂದಿನ ಜವಾಬ್ದಾರಿಯುತ ಚಿಕಿತ್ಸಕರ ನಿಲುವು. ನೆದರ್ನ್‌ನಲ್ಲಿ ಆ್ಯಡಮ್ಸನ್ ಬಾಯಿ ಮುಚ್ಚಿ ಕುಳಿತದ್ದು ಈ ದೃಷ್ಟಿಯಿಂದ ಕಾಲಕ್ಕಿಂತ ಮುಂದಿನ ನಡೆಯಾಗಿತ್ತು.

ಪುರಾವೆ

ಪ್ರಚಾರದಷ್ಟು ಪುರಾವೆ ಗಟ್ಟಿಯಾಗಿಲ್ಲ. ಹೆಚ್ಚಿನ ಅಧ್ಯಯನಗಳು ಚಿಕ್ಕವು. ಹೋಲಿಕೆಯ ಗುಂಪು ಇರುವುದಿಲ್ಲ. ಬಹಳ ಉಲ್ಲೇಖಗೊಳ್ಳುವ 2016ರ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಕಲಾಕೆಲಸ ಮಾಡಿದ ಮೇಲೆ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿದಿತ್ತು. ಮೊದಲು ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಅಷ್ಟು ಹೊತ್ತು ಸುಮ್ಮನೆ ಕೂತಿದ್ದರೆ, ಹರಟೆ ಹೊಡೆದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಇದಕ್ಕೆ ಎದುರಾಗಿ ಬ್ರಿಟನ್ನಿನಲ್ಲಿ ಸ್ಕಿಜೋಫ್ರೀನಿಯ ಇರುವ 417 ಮಂದಿಯ ಮೇಲೆ ಕಟ್ಟುನಿಟ್ಟಾಗಿ ನಡೆದ ‘ಮಟೀಸ್’ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆಯ ಗುಂಪು ಕಲಾ ಚಿಕಿತ್ಸೆಯಿಂದ ಅವರ ಒಟ್ಟಾರೆ ಕಾರ್ಯಕ್ಷಮತೆಯಲ್ಲಾಗಲಿ ರೋಗಲಕ್ಷಣಗಳಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಹೆಸರು ಕೊಟ್ಟವರಲ್ಲಿ ಅನೇಕರು ತರಗತಿಗೆ ಬರಲೇ ಇಲ್ಲವೆಂದು ಚಿಕಿತ್ಸಕರು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪವೇ, ಆದರೆ ಬರದಿರುವುದೂ ಒಂದು ಫಲಿತಾಂಶ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಕಲೆಗೂ ಆರೋಗ್ಯಕ್ಕೂ ನಂಟಿದೆಯೆಂದು ವರದಿ ಮಾಡಿತು. ಅವುಗಳ ಗುಣಮಟ್ಟ ಏಕರೂಪವಾಗಿರಲಿಲ್ಲ. ಕಲೆಯ ಪರಿಣಾಮಕ್ಕೆ ಕಾರಣವಾಗಿ ಕೊಡುವ, ಬಲ ಮಿದುಳು ಕಲೆಯದು, ಎಡ ಮಿದುಳು ತರ್ಕದ್ದು ಎಂಬ ಜನಪ್ರಿಯ ವಿವರಣೆಯನ್ನಂತೂ ಕೈಬಿಡುವುದೇ ಒಳ್ಳೆಯದು.

ಚಿಕಿತ್ಸಕರಿಲ್ಲದೆ

ಮೆಕ್ಸಿಕೊದ ಫ್ರೀಡಾ ಕಾಲೊ 1925ರ ಬಸ್ ಅಪಘಾತದ ನಂತರ ಹಾಸಿಗೆಯಲ್ಲೇ ಕುಂಚ ಹಿಡಿದಳು. ಜಪಾನಿನ ಯಾಯೊಯಿ ಕುಸಾಮಾ 1977ರಿಂದ ಟೋಕಿಯೊದ ಮಾನಸಿಕ ಆಸ್ಪತ್ರೆಯಲ್ಲಿ ತಾನಾಗಿಯೇ ನೆಲೆಸಿ, ಹತ್ತಿರದ ಸ್ಟುಡಿಯೊದಲ್ಲಿ ಕೆಲಸ ಮಾಡಿಕೊಂಡು ಬಂದಿದ್ದಾಳೆ. ಇವರು ಮಹಾ ಕಲಾವಿದರು; ಸಾಮಾನ್ಯರಿಗೆ ಮಾದರಿಯಾಗಿ ಇವರನ್ನು ಮುಂದಿಡುವುದು ಅಷ್ಟು ಸರಿಯಲ್ಲ. ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳುವ ಅಭ್ಯಾಸಗಳ ಬಗ್ಗೆ ಒಂದೆರಡು ಸಂಗತಿ ಗಮನಾರ್ಹ. 2005ರಲ್ಲಿ 84 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ ಖಾಲಿ ಹಾಳೆ ಪಡೆದವರಿಗಿಂತ ಮಂಡಲ ಅಥವಾ ಚೌಕುಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ಇಳಿಯಿತು. ಸ್ವಾತಂತ್ರ್ಯ ಯಾವಾಗಲೂ ಹಗುರ ಮಾಡುವುದಿಲ್ಲ. ಕಳವಳದಲ್ಲಿರುವವರಿಗೆ ಖಾಲಿ ಹಾಳೆ ಇನ್ನೊಂದು ಭಾರವಾಗಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ನಡೆಸಿದ ಬರವಣಿಗೆಯ ಪ್ರಯೋಗ ಇನ್ನೊಂದು ಮುಖ ತೋರಿಸುತ್ತದೆ. ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತದ ಬಗ್ಗೆ ಬರೆದ ವಿದ್ಯಾರ್ಥಿಗಳ ಮನಸ್ಸು ಆ ಕ್ಷಣಕ್ಕೆ ಇನ್ನಷ್ಟು ಕುಗ್ಗಿತು. ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗುವುದು ಮಾತ್ರ ಕಡಿಮೆಯಾಯಿತು. ಬಣ್ಣ ತುಂಬುವ ಪುಸ್ತಕ ಸಂಜೆಯ ನೆಮ್ಮದಿಗೆ ಒದಗುತ್ತದೆ, ಆಘಾತವನ್ನು ತೆರೆಯುವ ಚಿತ್ರಕ್ಕೆ ಪಕ್ಕದಲ್ಲೊಬ್ಬರು ಬೇಕು.

ಭಾರತ ಮತ್ತು ಕರ್ನಾಟಕ

ಸಾಗರ, ಸೊರಬದ ಕಡೆ ದೀವರ ಹೆಂಗಸರು ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ, ಸಂಡೂರಿನ ಲಂಬಾಣಿ ಕಸೂತಿ, ದಿನಬೆಳಗಿನ ರಂಗೋಲಿ ಇವನ್ನೆಲ್ಲ ‘ನಮ್ಮ ಪ್ರಾಚೀನ ಆರ್ಟ್ ಥೆರಪಿ’ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅವು ಮನಸ್ಸಿಗೆ ಹಿತ ಕೊಡುವುದು ನಿಜ. ಆದರೆ ಚಿತ್ತಾರದ ಗೆರೆಗೆ ನಿಯಮವಿದೆ, ಮದುವೆ ಹಬ್ಬಗಳ ಸಂದರ್ಭವಿದೆ. ಅಲ್ಲಿ ಒಬ್ಬಳ ಖಾಸಗಿ ದುಃಖ ಮುಖ್ಯವಲ್ಲ, ಮನೆತನದ ಶುಭ ಮುಖ್ಯ. ಎರಡನ್ನೂ ಬೆರೆಸಿದರೆ ಎರಡಕ್ಕೂ ನಷ್ಟ. ಅರವತ್ತು ದಾಟಿದ ಮೇಲೆ ಹಸ್ತಪ್ರತಿಯ ಹೊಡೆದುಹಾಕಿದ ಸಾಲುಗಳನ್ನು ಪ್ರಾಣಿ ಪಕ್ಷಿಗಳಾಗಿ ಬೆಳೆಸುತ್ತಾ ಚಿತ್ರಕಾರರಾಗಿ, 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಸಿದ ರವೀಂದ್ರನಾಥ ಠಾಕೂರರು ಈ ವಿಷಯಕ್ಕೆ ಹೆಚ್ಚು ಹತ್ತಿರದ ಉದಾಹರಣೆ.

ವೃತ್ತಿಯಾಗಿ ಕಲಾ ಚಿಕಿತ್ಸೆ ಭಾರತದಲ್ಲಿ ಇನ್ನೂ ಎಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಪುನರ್ವಸತಿ ವಿಭಾಗಗಳಲ್ಲಿ ಕರಕುಶಲ ಕೆಲಸಕ್ಕೆ ಹಿಂದಿನಿಂದಲೂ ಜಾಗವಿದೆ. ಅದರ ಗುರಿ ಮುಖ್ಯವಾಗಿ ದುಡಿಮೆಯ ರೂಢಿ ಮತ್ತು ಸಂಪಾದನೆ, ಭಾವಗಳ ಶೋಧನೆಯಲ್ಲ. ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಔಷಧ, ಆಪ್ತಸಮಾಲೋಚನೆಗಳ ಸುತ್ತಲೇ ರೂಪುಗೊಂಡದ್ದು. ಕರ್ನಾಟಕದಲ್ಲಿ ಹೆಚ್ಚು ಬೆಳೆದಿರುವುದು ಸೋದರ ಕಲೆಗಳು. ಅಮೆರಿಕದಲ್ಲಿ ತರಬೇತಿ ಪಡೆದು ಬಂದ ತ್ರಿಪುರಾ ಕಶ್ಯಪ್ ಬೆಂಗಳೂರನ್ನು ನೆಲೆಯಾಗಿಸಿಕೊಂಡು ನೃತ್ಯ-ಚಲನೆಯ ಚಿಕಿತ್ಸೆಗೆ ದಾರಿ ಹಾಕಿದರು. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲುಗಳೊಳಗೆ ಹೋಗಿ ಜೀವಾವಧಿ ಕೈದಿಗಳಿಂದ ನಾಟಕ ಆಡಿಸಿದರು. ಅದನ್ನು ಚಿಕಿತ್ಸೆ ಎನ್ನುವುದಕ್ಕಿಂತ ರಂಗಭೂಮಿ ಎನ್ನುವುದೇ ಸರಿಯಾದರೂ ಕೈದಿಗಳ ಪಾಲಿಗೆ ಅದು ಮಾಡಿದ ಕೆಲಸ ಅಷ್ಟರಲ್ಲೇ ನಿಲ್ಲುವಂಥದ್ದಲ್ಲ.

2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಅನುಸೂಚಿಯಲ್ಲಿ ಕಲೆ, ನೃತ್ಯ, ಚಲನೆಗಳ ಚಿಕಿತ್ಸಕರನ್ನು ಹೆಸರಿಸಿದೆ. ಈ ನಡುವೆ ವಾರಾಂತ್ಯದ ಕಮ್ಮಟ ಮುಗಿಸಿ ಪ್ರಮಾಣಪತ್ರ ಹಿಡಿದವರೂ, ವರ್ಷಗಟ್ಟಲೆ ಓದಿ ಮೇಲ್ವಿಚಾರಣೆಯಲ್ಲಿ ಪಳಗಿದವರೂ ಒಂದೇ ಹೆಸರಿನ ಫಲಕ ಹಾಕಿಕೊಳ್ಳುತ್ತಿದ್ದಾರೆ. ಚಿಕಿತ್ಸೆಗೆ ಹೋಗುವವರು ಎಲ್ಲಿ ಕಲಿತಿರಿ, ಯಾರ ಮೇಲ್ವಿಚಾರಣೆಯಲ್ಲಿದ್ದೀರಿ, ನಾನು ಬರೆದ ಚಿತ್ರ ಯಾರ ಬಳಿ ಉಳಿಯುತ್ತದೆ, ಅದನ್ನು ಯಾರಿಗೆ ತೋರಿಸುತ್ತೀರಿ ಎಂಬ ಪ್ರಶ್ನೆಗಳನ್ನು ಮೊದಲ ದಿನವೇ ಕೇಳಬಹುದು. ಬಲ್ಲ ಚಿಕಿತ್ಸಕರು ಕೇಳುವ ಮೊದಲೇ ಅವನ್ನು ಹೇಳಿರುತ್ತಾರೆ.